ಗಡಿ ದಾಟುವ ಗುಳಿಗೆ, ದಾಟದ ಎಚ್ಚರಿಕೆ

ನಕ್ಷೆ ಹರಡಿಕೊಂಡು ನೋಡಿದರೆ ತೆಲಂಗಾಣದ ಗಡಿಯಲ್ಲಿರುವ ನಮ್ಮ ಉಟ್ಕೂರಿನ ಸುತ್ತ ಔಷಧಕ್ಕೆ ಕೊರತೆ ಎಂಬುದೇ ಇರಬಾರದು. ಪೂರ್ವಕ್ಕೆ ಮಹಬೂಬ್‌ನಗರ ದಾಟಿದರೆ ಜಡ್ಚರ್ಲ. ಅಲ್ಲಿನ ಪೋಲೇಪಲ್ಲಿ ಎಸ್‌ಇಜೆಡ್‌ನಲ್ಲಿ ದೇಶದ ದೊಡ್ಡ ಔಷಧ ಕಂಪನಿಗಳ ಕಾರ್ಖಾನೆಗಳಿವೆ. ಅದರಾಚೆ ಹೈದರಾಬಾದ್. 1961ರಲ್ಲಿ ಹುಟ್ಟಿದ ಐಡಿಪಿಎಲ್ ಎಂಬ ಸರ್ಕಾರಿ ಕಂಪನಿಯಲ್ಲಿ ಕೆಲಸ ಕಲಿತವರು ಮುಂದೆ ತಮ್ಮದೇ ಕಂಪನಿಗಳನ್ನು ಕಟ್ಟಿ, ಆ ನಗರವನ್ನು ಔಷಧದ ಮೂಲವಸ್ತುಗಳ ರಾಜಧಾನಿ ಮಾಡಿದರು. 1984ರಲ್ಲಿ ಡಾ. ರೆಡ್ಡೀಸ್ ಸ್ಥಾಪಿಸಿದ ಅಂಜಿ ರೆಡ್ಡಿಯವರೂ ಐಡಿಪಿಎಲ್‌ನಿಂದ ಬಂದವರೇ. ಇತ್ತ ಕೃಷ್ಣಾ ಹೊಳೆ ದಾಟಿದರೆ ರಾಯಚೂರು. ಕ್ಯಾನ್ಸರ್ ಔಷಧಗಳ ಮೂಲವಸ್ತು ತಯಾರಿಸುವ ಶಿಲ್ಪಾ ಮೆಡಿಕೇರ್ ಇರುವುದು ಅಲ್ಲಿ. ಗಡಿಗೆ ಅಂಟಿಕೊಂಡಂತೆ ಯಾದಗಿರಿ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶವಿದೆ. ಅಲ್ಲಿನ ಔಷಧ ಮತ್ತು ರಾಸಾಯನಿಕ ಘಟಕಗಳ ದುರ್ವಾಸನೆ ಸಹಿಸಲಾಗುತ್ತಿಲ್ಲ ಎಂದು ಸುತ್ತಲಿನ ಹಳ್ಳಿಗಳವರು ದೂರುತ್ತಲೇ ಇದ್ದಾರೆ.

ಹೀಗೆ ಔಷಧ ತಯಾರಾಗುವ ಊರುಗಳ ನಡುವೆಯೇ ನಾವು ಬದುಕಿದ್ದೇವೆ. ಆದರೂ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಹಳ್ಳಿಗಳಲ್ಲಿ ಗುಳಿಗೆ ನುಂಗುವವರಿಗೆ ತಾವು ನುಂಗುವುದು ಏನು, ಎಲ್ಲಿಯದು, ಅದಕ್ಕೆ ಹೊಣೆ ಯಾರು ಎಂಬುದು ಗೊತ್ತಿರುವುದಿಲ್ಲ. ಮೆಡಿಕಲ್ ಅಂಗಡಿಯ ಮುಂದೆ ನಿತ್ಯ ಕಿವಿಗೆ ಬೀಳುವ ಮಾತು ಇದು: “ಹ್ವಾದ ವಾರ ಬಿಳಿ ಗುಳಿಗಿ, ಗುಲಾಬಿ ಗುಳಿಗಿ ಕೊಟ್ಟಿದ್ರಲ್ರೀ, ಅವೇ ನಾಕ್ ನಾಕ್ ಕೊಡ್ರಿ.” ಅಂಗಡಿಯವರು ಕತ್ತರಿಯಿಂದ ನಾಲ್ಕು ನಾಲ್ಕು ಕತ್ತರಿಸಿ, ಸಣ್ಣ ಕಾಗದದ ಪೊಟ್ಟಣದಲ್ಲಿ ಹಾಕಿ, ‘ಮುಂಜಾನೆ ಒಂದು, ರಾತ್ರಿ ಒಂದು’ ಎಂದು ಕೈಗಿಡುತ್ತಾರೆ. ಬಿಲ್ ಕೇಳುವವರಿಲ್ಲ, ಕೇಳದೆ ಕೊಡುವವರೂ ಕಡಿಮೆ.

ಔಷಧ ಎನ್ನುವುದು ರಾಸಾಯನಿಕ ಪದಾರ್ಥ ಒಂದೇ ಅಲ್ಲ. ಹೆಸರು, ಪ್ರಮಾಣ, ತಯಾರಾದ ದಿನ, ಅವಧಿ ಮುಗಿಯುವ ದಿನ, ಮಾಡಿದವರ ವಿಳಾಸ ಇಷ್ಟೂ ಕೂಡಿದಾಗ ಅದು ಔಷಧ. ಇವೆಲ್ಲ ಕಳಚಿಬಿದ್ದರೆ ಉಳಿಯುವುದು ಗೊತ್ತುಗುರಿಯಿಲ್ಲದ ಒಂದು ಪುಡಿ. ಔಷಧ ನಿಯಂತ್ರಣ ಎಂಬ ದೊಡ್ಡ ವ್ಯವಸ್ಥೆಯ ಮೂಲ ಕೆಲಸವೇ ಕಾರ್ಖಾನೆಯಿಂದ ರೋಗಿಯ ಕೈಯವರೆಗೆ ಈ ಮಾಹಿತಿ ಕಳಚದಂತೆ ಕಾಯುವುದು. ಆ ಕಾವಲು ಎಲ್ಲೆಲ್ಲಿ ಸಡಿಲವಾಗಿದೆ ಎಂಬುದು ಎರಡು ರಾಜ್ಯಗಳ ನಡುವೆ ಓಡಾಡುವ ನಮ್ಮಂಥವರಿಗೆ ಬೇರೆಯವರಿಗಿಂತ ಬೇಗ ಕಾಣುತ್ತದೆ.

ಒಂದು ಪಟ್ಟಿಯ ಮೇಲೆ ಏನಿದೆ?

ಮನೆಯಲ್ಲಿರುವ ಯಾವುದಾದರೂ ಆ್ಯಂಟಿಬಯೋಟಿಕ್ ಮಾತ್ರೆಯ ಪಟ್ಟಿಯನ್ನು ಹಿಂದುಮುಂದಾಗಿ ತಿರುಗಿಸಿ ನೋಡಿ. ಕಂಪನಿ ಇಟ್ಟ ಹೆಸರಿನ ಜೊತೆಗೆ ಮೂಲ ಔಷಧದ ಹೆಸರಿರುತ್ತದೆ. ಒಂದೇ ಔಷಧವಿರುವ ಮಾತ್ರೆಯಾದರೆ ಈ ಮೂಲ ಹೆಸರು ಕಂಪನಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕು ಎಂಬ ನಿಯಮ 2018ರಿಂದ ಇದೆ. ‘ಆರ್‌ಎಕ್ಸ್’ ಗುರುತು ಇದ್ದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕೆಂಪು ಚೌಕಟ್ಟಿನ ಎಚ್ಚರಿಕೆ ಇದ್ದರೆ ಅದು ‘ಎಚ್‌1’ ಅನುಸೂಚಿಯ ಔಷಧ. 2014ರಿಂದ ಜಾರಿಯಲ್ಲಿರುವ ಈ ಅನುಸೂಚಿಯಲ್ಲಿ ಪ್ರಬಲ ಆ್ಯಂಟಿಬಯೋಟಿಕ್‌ಗಳು, ಕ್ಷಯದ ಮಾತ್ರೆಗಳು, ನಿದ್ದೆಯ ಗುಳಿಗೆಗಳು ಇವೆ. ಇವನ್ನು ಮಾರಿದಾಗ ಚೀಟಿ ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾದಿಡಬೇಕು.

ಪಟ್ಟಿಯ ಒಂದು ತುದಿಯಲ್ಲಿ ಸಣ್ಣಕ್ಷರಗಳ ಒಂದು ಸಾಲಿರುತ್ತದೆ: ಬ್ಯಾಚ್ ನಂಬರ್, ತಯಾರಿಕೆಯ ತಿಂಗಳು, ಅವಧಿ ಮುಗಿಯುವ ತಿಂಗಳು. ಒಂದೇ ಸಲ ಬೆರೆಸಿ ತಯಾರಿಸಿದ ಸರಕಿಗೆಲ್ಲ ಒಂದೇ ಬ್ಯಾಚ್ ನಂಬರ್. ಒಂದು ಬ್ಯಾಚ್‌ನಲ್ಲಿ ಲಕ್ಷಗಟ್ಟಲೆ ಮಾತ್ರೆಗಳಿರಬಹುದು, ಅವು ಹತ್ತು ರಾಜ್ಯಗಳಿಗೆ ಹಂಚಿಹೋಗಿರಬಹುದು. ಎಲ್ಲೋ ಒಂದು ಕಡೆ ಒಂದು ಮಾತ್ರೆಯಲ್ಲಿ ದೋಷ ಕಂಡರೆ ಉಳಿದವು ಎಲ್ಲಿವೆ ಎಂದು ಹುಡುಕಲು ಇರುವ ದಾರಿ ಆ ನಂಬರ್ ಒಂದೇ. ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಾಗ ಆ ತುದಿ ಸಾಮಾನ್ಯವಾಗಿ ಅಂಗಡಿಯಲ್ಲೇ ಉಳಿಯುತ್ತದೆ. ಬಿಲ್ಲೂ ಇಲ್ಲದಿದ್ದರೆ ಆ ನಾಲ್ಕು ಮಾತ್ರೆಗಳು ಲೆಕ್ಕದಿಂದಲೇ ಆಚೆ ಹೋದಂತೆ. ನಾಳೆ ಸರ್ಕಾರ ಆ ಬ್ಯಾಚ್ ಬಳಸಬೇಡಿ ಎಂದು ಪತ್ರಿಕೆಗಳಲ್ಲಿ ಪ್ರಕಟಿಸಿದರೂ, ಉಟ್ಕೂರಿನ ಗೂಡಿನಲ್ಲಿರುವ ಆ ಪೊಟ್ಟಣಕ್ಕೆ ಅದು ಅನ್ವಯಿಸುತ್ತದೆಯೋ ಇಲ್ಲವೋ ಯಾರೂ ಹೇಳಲಾರರು.

ಸರ್ಕಾರಕ್ಕೂ ಇದು ಗೊತ್ತಿದೆ. ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ ಎಂಬ ನಿಯಮ 2023ರ ಆಗಸ್ಟ್ 1ರಿಂದ ಬಂದಿದೆ. ಮೊಬೈಲ್ ಹಿಡಿದರೆ ಮೂಲ ಹೆಸರು, ತಯಾರಕರ ವಿಳಾಸ, ಬ್ಯಾಚ್, ಲೈಸೆನ್ಸ್ ಸಂಖ್ಯೆ ತೆರೆದುಕೊಳ್ಳಬೇಕು. ಒಳ್ಳೆಯ ಹೆಜ್ಜೆ. ಆದರೆ ಹಳ್ಳಿಗೆ ಬರುವ ಸರಕಿನ ಬಹುಪಾಲು ಆ 300ರಲ್ಲಿ ಇಲ್ಲದ ಅಗ್ಗದ ಬ್ರಾಂಡ್‌ಗಳು.

ಬಳ್ಳಾರಿ ಹೇಳಿಕೊಟ್ಟ ಪಾಠ

2024ರ ನವೆಂಬರ್ 9ರಿಂದ 11ರ ನಡುವೆ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಮಾಡಿಸಿಕೊಂಡ ಬಾಣಂತಿಯರಲ್ಲಿ ಹಲವರು ಇದ್ದಕ್ಕಿದ್ದಂತೆ ಹಾಸಿಗೆ ಹಿಡಿದರು. ಮೂತ್ರಪಿಂಡ ಕೈಕೊಟ್ಟಿತು, ಬೇರೆ ಅಂಗಗಳೂ ಸೋತವು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತಾಯಂದಿರು ಪ್ರಾಣ ಬಿಟ್ಟಿದ್ದರು. ಅನುಮಾನ ಹೋದದ್ದು ಅವರಿಗೆ ಹಚ್ಚಿದ ರಿಂಗರ್ ಲ್ಯಾಕ್ಟೇಟ್ ಎಂಬ ಸಲಾಯಿನ್ ಮೇಲೆ. ಪಶ್ಚಿಮ ಬಂಗಾಳದ ಒಂದು ಕಂಪನಿ ಅದನ್ನು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮಕ್ಕೆ ಪೂರೈಸಿತ್ತು. ರಾಜ್ಯ ಸರ್ಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು, ಕಂಪನಿಯ ವಿರುದ್ಧ ಕ್ರಮಕ್ಕೆ ಮುಂದಾಯಿತು.

ಇದರಲ್ಲಿ ಎದೆ ನಡುಗಿಸುವ ಸಂಗತಿ ಬೇರೆಯೇ ಇದೆ. ಆ ಕಂಪನಿಯ ಕೆಲವು ಬ್ಯಾಚ್‌ಗಳು ಗುಣಮಟ್ಟದಲ್ಲಿಲ್ಲ ಎಂದು ಕರ್ನಾಟಕದ ಪ್ರಯೋಗಾಲಯ ಅದಕ್ಕೂ ಮೊದಲೇ ಹೇಳಿತ್ತು. ನಿಗಮ ಬಳಕೆಯನ್ನು ತಡೆದೂ ಇತ್ತು. ಕಂಪನಿ ಅದನ್ನು ಪ್ರಶ್ನಿಸಿತು. ಕೋಲ್ಕತ್ತದ ಕೇಂದ್ರ ಔಷಧ ಪ್ರಯೋಗಾಲಯದಿಂದ ಸರಿಯಿದೆ ಎಂಬ ವರದಿ ಬಂತು. ತಡೆಹಿಡಿದಿದ್ದ ಸರಕು ಮತ್ತೆ ವಾರ್ಡುಗಳಿಗೆ ಹೋಯಿತು.

ಒಂದು ಪ್ರಯೋಗಾಲಯ ಕೆಟ್ಟದ್ದು ಎಂದದ್ದನ್ನು ಇನ್ನೊಂದು ಒಳ್ಳೆಯದು ಎನ್ನುವುದು ಹೇಗೆ? ಯಾರಾದರೂ ಸುಳ್ಳು ಹೇಳಿರಲೇಬೇಕು ಎಂದೇನಿಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಡ್ರಗ್ ಇನ್‌ಸ್ಪೆಕ್ಟರ್ ಮಾದರಿ ತೆಗೆದಾಗ ಅದನ್ನು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಭಾಗ ಮಾರಿದವರಿಗೆ, ಒಂದು ರಾಜ್ಯದ ಪ್ರಯೋಗಾಲಯಕ್ಕೆ, ಒಂದು ನ್ಯಾಯಾಲಯಕ್ಕೆ, ಇನ್ನೊಂದು ತಯಾರಕರಿಗೆ. ರಾಜ್ಯದ ವರದಿಯನ್ನು ಒಪ್ಪದವರು 28 ದಿನಗಳೊಳಗೆ ತಕರಾರು ಹೇಳಬಹುದು. ಆಗ ನ್ಯಾಯಾಲಯದ ಮೂಲಕ ಮಾದರಿ ಕೇಂದ್ರದ ಪ್ರಯೋಗಾಲಯಕ್ಕೆ ಹೋಗುತ್ತದೆ, ಅದರ ವರದಿಯೇ ಅಂತಿಮ. ಮಾತ್ರೆಯ ವಿಷಯದಲ್ಲಿ ಇದು ನ್ಯಾಯವಾದ ಕ್ರಮ. ಒಂದು ಬ್ಯಾಚ್‌ನಲ್ಲಿ ಔಷಧದ ಅಂಶ ಕಡಿಮೆಯಿದ್ದರೆ ಯಾವ ಮಾತ್ರೆ ತೆಗೆದರೂ ಬಹುಮಟ್ಟಿಗೆ ಕಡಿಮೆಯೇ ಇರುತ್ತದೆ. ರಕ್ತನಾಳಕ್ಕೆ ನೇರ ಹೋಗುವ ಸಲಾಯಿನ್ ಹಾಗಲ್ಲ. ಸಾವಿರ ಬಾಟಲಿಗಳಲ್ಲಿ ಹತ್ತಕ್ಕೆ ಮಾತ್ರ ಸೋಂಕು ತಗುಲಿರಬಹುದು. ಒಬ್ಬರ ಕೈಗೆ ಆ ಹತ್ತರಲ್ಲಿ ಒಂದು ಸಿಕ್ಕರೆ ಕೆಟ್ಟದ್ದು, ಇನ್ನೊಬ್ಬರ ಕೈಗೆ ಉಳಿದದ್ದು ಸಿಕ್ಕರೆ ಒಳ್ಳೆಯದು. ಎರಡೂ ವರದಿ ನಿಜ. ಬ್ಯಾಕ್ಟೀರಿಯಾ ಸತ್ತರೂ ಅವುಗಳ ಹೊರಪದರದ ವಿಷ ದ್ರಾವಣದಲ್ಲಿ ಉಳಿಯಬಹುದು. ಅದಕ್ಕೆ ಎಂಡೋಟಾಕ್ಸಿನ್ ಎನ್ನುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ.

ಆದ್ದರಿಂದ ಸಲಾಯಿನ್, ಇಂಜೆಕ್ಷನ್‌ಗಳ ವಿಷಯದಲ್ಲಿ ಒಂದು ಪ್ರಯೋಗಾಲಯ ಬೇಡ ಎಂದರೆ ಸಾಕು. ಆ ಬ್ಯಾಚ್ ಮತ್ತೆ ವಾರ್ಡಿಗೆ ಹೋಗಬಾರದು. ಕಂಪನಿಗೆ ಶಿಕ್ಷೆ ಆಗಬೇಕೋ ಬೇಡವೋ ಎಂಬುದನ್ನು ನ್ಯಾಯಾಲಯ ನಿಧಾನವಾಗಿ ತೀರ್ಮಾನಿಸಲಿ. ತಾಯಿಗೆ ಆ ಬಾಟಲಿ ಹಚ್ಚಬೇಕೋ ಬೇಡವೋ ಎಂಬುದಕ್ಕೆ ಆ ತೀರ್ಪು ಕಾಯಬೇಕಿಲ್ಲ. ನಮ್ಮ ಕಾನೂನು ಈ ಎರಡು ಪ್ರಶ್ನೆಗಳನ್ನು ಒಂದೇ ಕಾಗದದ ಮೇಲೆ ಕಟ್ಟಿಹಾಕಿದೆ. ಅನುಮಾನದ ಲಾಭ ಆರೋಪಿಗೆ ಸಲ್ಲಬೇಕು ಎನ್ನುವುದು ನ್ಯಾಯಾಲಯದ ಧರ್ಮ. ಆಸ್ಪತ್ರೆಯಲ್ಲಿ ಅದು ಸಲ್ಲಬೇಕಾದ್ದು ರೋಗಿಗೆ.

ಬಳ್ಳಾರಿಯ ಸಾವುಗಳು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾದವು. ಆದರೂ 2025ರ ಜನವರಿಯಲ್ಲಿ ಆ ಕಂಪನಿಯ ಸ್ವಂತ ರಾಜ್ಯದ ಮೇದಿನಿಪುರ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಹೆರಿಗೆಯಾದ ಒಬ್ಬ ತಾಯಿ ಸತ್ತರು, ಇನ್ನೂ ಕೆಲವರು ಅಸ್ವಸ್ಥರಾದರು. ಅನುಮಾನ ಅದೇ ಕಂಪನಿಯ ಅದೇ ದ್ರಾವಣದ ಮೇಲೆ. ಎಚ್ಚರಿಕೆ ಇತ್ತು, ವಾರ್ಡಿನ ಕಪಾಟಿನವರೆಗೆ ಹೋಗಲಿಲ್ಲ.

ಒಂದು ಲೈಸೆನ್ಸ್, ಇಡೀ ದೇಶದ ಮಾರುಕಟ್ಟೆ

ಇದಕ್ಕೆ ಕಾರಣ ಹುಡುಕುತ್ತ ಹೋದರೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್‌ನಂಥ ಔಷಧಗಳಲ್ಲೇ ಮೋಸ ನಡೆಯುತ್ತಿದ್ದ ಕಾಲ ಅದು. ಕರ್ನಲ್ ಆರ್.ಎನ್. ಚೋಪ್ರಾ ನೇತೃತ್ವದ ಸಮಿತಿ 1930–31ರಲ್ಲಿ ದೇಶ ಸುತ್ತಿ ವರದಿ ಕೊಟ್ಟಿತು. ಅದರ ಫಲವಾಗಿ 1940ರ ಕಾಯ್ದೆ ಬಂತು. ಹೊಸ ಔಷಧಕ್ಕೆ ಅನುಮತಿ ಮತ್ತು ಆಮದಿನ ಮೇಲಿನ ನಿಗಾ ಕೇಂದ್ರದ ಪಾಲಿಗೆ, ತಯಾರಿಕೆ ಮತ್ತು ಮಾರಾಟದ ಲೈಸೆನ್ಸ್ ರಾಜ್ಯಗಳ ಪಾಲಿಗೆ ಬಂದವು. ಹೀಗಾಗಿ ಒಂದು ರಾಜ್ಯದ ಇಲಾಖೆ ಕೊಟ್ಟ ಲೈಸೆನ್ಸ್ ಹಿಡಿದು ಕಂಪನಿ ಇಡೀ ದೇಶದಲ್ಲಿ ಮಾರಬಹುದು. ತಪ್ಪಾದಾಗ ಆ ಕಾರ್ಖಾನೆಯ ಬಾಗಿಲು ತಟ್ಟುವ ಅಧಿಕಾರ ಮುಖ್ಯವಾಗಿ ಆ ಒಂದು ರಾಜ್ಯದ್ದೇ. ತಯಾರಿಕೆಯ ಲೈಸೆನ್ಸನ್ನು ಕೇಂದ್ರವೇ ಕೊಡಲಿ ಎಂದು 2003ರಲ್ಲಿ ಮಾಶೇಲ್ಕರ್ ಸಮಿತಿ ಹೇಳಿತು. 50 ಕಾರ್ಖಾನೆಗಳಿಗೆ ಒಬ್ಬರು, 200 ಅಂಗಡಿಗಳಿಗೆ ಒಬ್ಬರು ಇನ್‌ಸ್ಪೆಕ್ಟರ್ ಬೇಕು ಎಂದೂ ಲೆಕ್ಕ ಹಾಕಿಕೊಟ್ಟಿತು. ಲೈಸೆನ್ಸ್ ಇಂದಿಗೂ ರಾಜ್ಯಗಳ ಕೈಯಲ್ಲೇ ಇದೆ.

2025ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇದರ ಬೆಲೆ ತೆತ್ತವರು ಮಕ್ಕಳು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಕಾರ್ಖಾನೆಯೊಂದರಲ್ಲಿ ತಯಾರಾದ ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್ ಕುಡಿದು ಮಧ್ಯಪ್ರದೇಶದ ಛಿಂದ್ವಾಡಾ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಎಸ್‌ಆರ್‌-13 ಎಂಬ ಆ ಬ್ಯಾಚ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರಾವಕ ಶೇ 48.6ರಷ್ಟಿತ್ತು. ಇರಬಹುದಾದ ಗರಿಷ್ಠ ಮಿತಿ ಶೇ 0.1. ಇದು ಹೊಸ ವಿಷವೇನಲ್ಲ. ಅಮೆರಿಕದಲ್ಲಿ 1937ರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದು, ಅಲ್ಲಿನ ಔಷಧ ಕಾನೂನನ್ನೇ ಬದಲಿಸಿದ ವಿಷ ಅದು. ನಮ್ಮಲ್ಲಿ 1986ರಲ್ಲಿ ಮುಂಬೈಯ ಜೆಜೆ ಆಸ್ಪತ್ರೆಯಲ್ಲಿ, 1998ರಲ್ಲಿ ಗುರುಗ್ರಾಮದಲ್ಲಿ, 2020ರ ಹೊತ್ತಿಗೆ ಜಮ್ಮುವಿನ ರಾಮನಗರದಲ್ಲಿ ಇದೇ ವಿಷ ಜೀವ ತೆಗೆದಿದೆ. ಸಿರಪ್‌ಗೆ ಬಳಸುವ ದ್ರಾವಕ ಡ್ರಮ್‌ನಲ್ಲಿ ಬಂದಾಗ, ಬೆರೆಸುವ ಮುನ್ನ ಪರೀಕ್ಷಿಸಿದರೆ ಸಿಕ್ಕಿಬೀಳುವ ತಪ್ಪು ಇದು.

ಸಿರಪ್‌ನ ಮಾತು ನಮಗೆ ಇನ್ನೊಂದು ಕಾರಣಕ್ಕೂ ಮುಖ್ಯ. ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಹಳ್ಳಿಗಳಲ್ಲಿ ಪ್ಯಾರಾಸಿಟಮಾಲ್, ಆಸ್ಪಿರಿನ್, ಗ್ರೈಪ್ ವಾಟರ್, ಕೆಮ್ಮಿನ ಔಷಧದಂಥ ಕೆಲವನ್ನು ಔಷಧ ಲೈಸೆನ್ಸ್ ಇಲ್ಲದ ಕಿರಾಣಿ ಅಂಗಡಿಯಲ್ಲೂ ಮಾರಬಹುದು ಎಂಬ ವಿನಾಯಿತಿ ನಿಯಮಗಳಲ್ಲಿದೆ. ದವಾಖಾನೆ ದೂರವಿದ್ದ ಕಾಲಕ್ಕೆ ಅದು ಅನುಕೂಲ ಮಾಡಿಕೊಟ್ಟಿತು. ಆದರೆ ಕಿರಾಣಿ ಅಂಗಡಿಯ ಸಿರಪ್ ಬಾಟಲಿಯನ್ನು ವಾಪಸ್ ಪಡೆಯಲು ಯಾವ ಪಟ್ಟಿಯೂ ಇರುವುದಿಲ್ಲ. ಛಿಂದ್ವಾಡಾ ದುರಂತದ ನಂತರ ಈ ವಿನಾಯಿತಿಯಿಂದ ಸಿರಪ್‌ಗಳನ್ನು ಕೈಬಿಡುವ ಪ್ರಸ್ತಾವ ಬಂದಿರುವುದು ಸರಿಯಾಗಿಯೇ ಇದೆ.

ಚೀಟಿ ರಾಯಚೂರಿನದು, ಗುಳಿಗೆ ಮಕ್ತಲ್‌ನದು

1956ರ ನವೆಂಬರ್ 1ಕ್ಕೆ ಮೊದಲು ರಾಯಚೂರು, ಮಕ್ತಲ್ ಸೀಮೆಯೆಲ್ಲ ಹೈದರಾಬಾದ್ ರಾಜ್ಯ. ಗದ್ವಾಲ ತಾಲ್ಲೂಕು ಇದ್ದದ್ದೇ ರಾಯಚೂರು ಜಿಲ್ಲೆಯಲ್ಲಿ. ರಾಜ್ಯಗಳ ಗೆರೆ ಎಳೆದ ಮೇಲೂ ಜನರ ದವಾಖಾನೆಯ ದಾರಿ ಬದಲಾಗಲಿಲ್ಲ. ಕೃಷ್ಣಾ ಮಂಡಲದ ಕನ್ನಡದ ಹಳ್ಳಿಗಳಿರಲಿ, ಮಕ್ತಲ್ ಸುತ್ತಿನವರಿರಲಿ, ಮೈಯಲ್ಲಿ ಸ್ವಲ್ಪ ಜಾಸ್ತಿಯಾದರೆ ಹೊಳೆ ದಾಟಿ ರಾಯಚೂರಿಗೆ ನಡೆಯುತ್ತಾರೆ. ಅಲ್ಲಿ ಚೀಟಿ ಬರೆಸಿಕೊಂಡು ಮೊದಲ ವಾರದ ಗುಳಿಗೆ ಅಲ್ಲೇ ಕೊಳ್ಳುತ್ತಾರೆ, ಮುಂದಿನದನ್ನು ಮಕ್ತಲ್‌ನಲ್ಲೋ ಉಟ್ಕೂರಿನಲ್ಲೋ ತೆಗೆದುಕೊಳ್ಳುತ್ತಾರೆ.

ಒಂದೇ ಮನೆಯ ಗೂಡಿನಲ್ಲಿ ಹೀಗೆ ಎರಡು ರಾಜ್ಯಗಳ ಔಷಧಗಳು ಸೇರಿರುತ್ತವೆ. ಕರ್ನಾಟಕದ ಇಲಾಖೆ ಹೊರಡಿಸುವ ‘ಈ ಬ್ಯಾಚ್ ಬಳಸಬೇಡಿ’ ಎಂಬ ಆದೇಶ ಕರ್ನಾಟಕದ ಅಂಗಡಿಗಳಿಗೆ. ತೆಲಂಗಾಣದ ಔಷಧ ನಿಯಂತ್ರಣ ಇಲಾಖೆಯ ಎಚ್ಚರಿಕೆ ತೆಲಂಗಾಣದ ಅಂಗಡಿಗಳಿಗೆ. ಕೇಂದ್ರದ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳೂ ಗುಣಮಟ್ಟವಿಲ್ಲದ ಬ್ಯಾಚ್‌ಗಳ ಪಟ್ಟಿ ಪ್ರಕಟಿಸುತ್ತದೆ, ಆದರೆ ಮಾದರಿ ತೆಗೆದ ದಿನಕ್ಕೂ ಪಟ್ಟಿ ಬರುವ ದಿನಕ್ಕೂ ನಡುವೆ ಬಹಳ ದಿನ ಕಳೆದಿರುತ್ತವೆ. ಇಂಜೆಕ್ಷನ್ ಕ್ರಿಮಿರಹಿತವಾಗಿದೆಯೇ ಎಂದು ನೋಡುವ ಪರೀಕ್ಷೆ ಒಂದಕ್ಕೇ 14 ದಿನ ಕಾಯಬೇಕು. ಅಷ್ಟರಲ್ಲಿ ಐದು ದಿನದ ಆ್ಯಂಟಿಬಯೋಟಿಕ್ ಕೊಂಡವರು ಅದನ್ನು ಮುಗಿಸಿರುತ್ತಾರೆ. ಪ್ರಾಣಕ್ಕೆ ಅಪಾಯವಿರುವ ಬ್ಯಾಚನ್ನು ಗರಿಷ್ಠ 72 ಗಂಟೆಗಳಲ್ಲಿ ಮಾರುಕಟ್ಟೆಯಿಂದ ಹಿಂಪಡೆಯಬೇಕು ಎಂಬ ಮಾರ್ಗಸೂಚಿ ಕೇಂದ್ರದ್ದಿದೆ. ಸಗಟು ವ್ಯಾಪಾರಿಯ ಗೋದಾಮಿನವರೆಗೆ ಅದು ನಡೆದೀತು. ಬಿಲ್ಲಿಲ್ಲದೆ ಮಾರಿದ ಮೇಲೆ ಹಿಂಪಡೆಯುವುದು ಯಾರಿಂದ?

ಪತ್ರಿಕೆಗಳಲ್ಲಿ ಎಲ್ಲವನ್ನೂ ‘ನಕಲಿ ಔಷಧ’ ಎಂದು ಬರೆದುಬಿಡುವುದರಿಂದಲೂ ಗೊಂದಲವಾಗಿದೆ. ಕಾಯ್ದೆ ಮುಖ್ಯವಾಗಿ ಮೂರು ಬಗೆ ಹೇಳುತ್ತದೆ. ಇನ್ನೊಬ್ಬರ ಹೆಸರು ಕದ್ದು ಮಾಡಿದ್ದು ನಕಲಿ. ಕೊಳಕಿನಲ್ಲಿ ತಯಾರಾದದ್ದು, ವಿಷ ಬೆರೆತದ್ದು ಕಲಬೆರಕೆ. ಲೈಸೆನ್ಸ್ ಇರುವ ಕಂಪನಿಯೇ ತಯಾರಿಸಿ, ಪರೀಕ್ಷೆಯಲ್ಲಿ ಸೋತದ್ದು ಗುಣಮಟ್ಟವಿಲ್ಲದ್ದು. ಮೊದಲನೆಯದನ್ನು ಪೊಲೀಸರು ಹಿಡಿಯಬಹುದು. ಕೊನೆಯದನ್ನು ಹಿಡಿಯಲು ಪ್ರಯೋಗಾಲಯವೇ ಬೇಕು. ಕೊನೆಯ ಬಗೆಯ ತಪ್ಪಿಗೆ ದಂಡ ಕಟ್ಟಿ ರಾಜಿ ಮಾಡಿಕೊಳ್ಳುವ ಅವಕಾಶವನ್ನು 2023ರ ಜನ ವಿಶ್ವಾಸ್ ಕಾಯ್ದೆ ಕೊಟ್ಟಿದೆ. ಸಣ್ಣ ತಾಂತ್ರಿಕ ದೋಷಕ್ಕೆ ಅದು ಸರಿಯಿರಬಹುದು. ಯಾವ ದೋಷ ಸಣ್ಣದು ಎಂಬುದನ್ನು ಕಟ್ಟುನಿಟ್ಟಾಗಿ ನಿರ್ಧರಿಸದೆ ಹೋದರೆ ರೋಗಿಗೆ ಅದು ದ್ರೋಹ.

ಸೇಂದಿಯೊಳಗಿನ ನಿದ್ದೆಗುಳಿಗೆ

ಮಾಹಿತಿ ಕಳಚಿದ ಔಷಧ ಏನಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲೇ ಕಣ್ಣೆದುರಿನ ಸಾಕ್ಷಿಯಿದೆ. ಅದು ಕಲಬೆರಕೆ ಸೇಂದಿ. ಈಚಲ ಮರದಿಂದ ಇಳಿಯುವ ಸೇಂದಿ ಬೇಡಿಕೆಗೆ ಸಾಲದು. ನೀರು, ಸಕ್ಕರೆ, ಸ್ಯಾಕರಿನ್ ಬೆರೆಸಿ ಹೆಚ್ಚಿಸಿದರೆ ಅಮಲು ಇರುವುದಿಲ್ಲ. ಅಮಲು ಬರಿಸಲು ಹಾಕುವುದು ಔಷಧ. ಮೊದಲೆಲ್ಲ ಕ್ಲೋರಲ್ ಹೈಡ್ರೇಟ್. ರಾಯಚೂರು ಕಡೆ ‘ಸಿಎಚ್ ಪೌಡರ್’ ಎಂದರೆ ಮಕ್ಕಳಿಗೂ ಗೊತ್ತು. ಹತ್ತೊಂಬತ್ತನೇ ಶತಮಾನದಿಂದ ವೈದ್ಯರು ನಿದ್ದೆಗಾಗಿ ಬಳಸಿದ ಪದಾರ್ಥ ಅದು. ಅದರ ಜೊತೆಗೆ ಡಯಾಜೆಪಾಮ್ ಬಂತು, ಈಗ ಅಲ್ಪ್ರಾಜೋಲಾಮ್ ಬಂದಿದೆ.

ಅಲ್ಪ್ರಾಜೋಲಾಮ್ ಎಚ್‌1 ಅನುಸೂಚಿಯ ಔಷಧ. ಆತಂಕದ ಕಾಯಿಲೆಗೆ ವೈದ್ಯರು ಕೊಡುವ ಮಾತ್ರೆ ಕಾಲು ಮಿಲಿಗ್ರಾಂ, ಅರ್ಧ ಮಿಲಿಗ್ರಾಂನದು. ಅಂಗಡಿಯವರು ಹತ್ತು ಮಾತ್ರೆ ಮಾರಿದರೂ ರಿಜಿಸ್ಟರಿನಲ್ಲಿ ಬರೆಯಬೇಕು. ಅದೇ ಪದಾರ್ಥ ಪುಡಿಯಾಗಿ ಸೇಂದಿ ಡಿಪೋಗೆ ಹೋದಾಗ ಅಳತೆ ಚಮಚೆಯೂ ಇರುವುದಿಲ್ಲ. ಇಂದು ಕುಡಿದದ್ದರಲ್ಲಿ ಎಷ್ಟಿತ್ತು, ನಾಳೆಯದರಲ್ಲಿ ಎಷ್ಟಿರುತ್ತದೆ ಎಂದು ಹೇಳುವವರಿಲ್ಲ. 2015ರ ಸೆಪ್ಟೆಂಬರಿನಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆ ಸೇಂದಿಯ ಮೇಲೆ ಬಿಗಿ ಹಿಡಿದಾಗ ಮಹಬೂಬ್‌ನಗರ, ನಿಜಾಮಾಬಾದ್ ಜಿಲ್ಲೆಗಳ ಆಸ್ಪತ್ರೆಗಳಿಗೆ ಜನ ಸಾಲುಗಟ್ಟಿ ಬಂದರು. ಕೈಕಾಲು ನಡುಕ, ಮೂರ್ಛೆ, ಇಲ್ಲದ್ದು ಕಾಣುವುದು, ಕೂಗಾಡುವುದು. ಸೇಂದಿ ಬಿಟ್ಟದ್ದಕ್ಕಿಂತ ಹೆಚ್ಚಾಗಿ ಅದರೊಳಗಿನ ನಿದ್ದೆಗುಳಿಗೆ ಏಕಾಏಕಿ ನಿಂತದ್ದರ ಪರಿಣಾಮ ಅದು. ವರ್ಷಗಟ್ಟಲೆ ತಾವೊಂದು ಔಷಧ ಸೇವಿಸುತ್ತಿದ್ದೇವೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಇಂಥ ಸೇಂದಿ ಕುಡಿದು ಹಲವರು ಸತ್ತರು. ಅದೇ ಸೆಪ್ಟೆಂಬರಿನಲ್ಲಿ ಬೋವೆನ್‌ಪಲ್ಲಿಯ ಖಾಸಗಿ ಶಾಲೆಯೊಂದರ ಕಟ್ಟಡದಲ್ಲಿ ಅಲ್ಪ್ರಾಜೋಲಾಮ್ ತಯಾರಿಸುತ್ತಿದ್ದದ್ದನ್ನು ತೆಲಂಗಾಣ ಪೊಲೀಸರ ಈಗಲ್ ಪಡೆ ಪತ್ತೆ ಮಾಡಿತು. ಮಹಬೂಬ್‌ನಗರ ಜಿಲ್ಲೆಯ ಸೇಂದಿ ಡಿಪೋಗಳಿಗೆ ಅದು ಹೋಗುತ್ತಿತ್ತು ಎಂಬುದು ತನಿಖೆಯಲ್ಲಿ ಕಂಡುಬಂತು. ರಾಯಚೂರಿನ ಅಬಕಾರಿ ಸಿಬ್ಬಂದಿ ತೆಲಂಗಾಣದ ಕಡೆಯಿಂದ ಬರುವ ಸೇಂದಿ ಹಿಡಿಯುತ್ತಲೇ ಇರುತ್ತಾರೆ. ಗುಳಿಗೆಗೆ ಒಂದು ಇಲಾಖೆ, ಸೇಂದಿಗೆ ಇನ್ನೊಂದು, ಮಾದಕ ಪದಾರ್ಥಕ್ಕೆ ಮತ್ತೊಂದು. ಔಷಧ ಕಾರ್ಖಾನೆಯ ಕಚ್ಚಾವಸ್ತುವಿನ ಲೆಕ್ಕ, ಸೇಂದಿ ಡಿಪೋದ ಮಾದರಿ, ಆಸ್ಪತ್ರೆಗೆ ಬಂದ ರೋಗಿಯ ಲಕ್ಷಣ ಈ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವವರು ಬೇಕಾಗಿದ್ದಾರೆ.

ಆರ್‌ಎಂಪಿ ಚೀಲ ಮತ್ತು ಬೆಲೆಯ ಲೆಕ್ಕ

ನಮ್ಮ ಹಳ್ಳಿಗಳ ಮೊದಲ ಡಾಕ್ಟರು ಆರ್‌ಎಂಪಿ. ಪದವಿ ಇಲ್ಲ, ಆದರೆ ರಾತ್ರಿ ಎಬ್ಬಿಸಿದರೆ ಬರುತ್ತಾರೆ, ಹಣ ಆಮೇಲೆ ಕೊಟ್ಟರೂ ಸರಿ ಎನ್ನುತ್ತಾರೆ. “ಒಂದ್ ಸೂಜಿ ಹಾಕ್ರಿ ಡಾಕ್ಟ್ರ, ನಾಳಿ ಹೊಲಕ್ಕ ಹೋಗ್ಬೇಕು” ಎನ್ನುವವರಿಗೆ ಅವರು ಹಾಕುವ ಇಂಜೆಕ್ಷನ್ ಸ್ಟಿರಾಯ್ಡ್ ಆಗಿರಬಹುದು, ಪ್ರಬಲ ಆ್ಯಂಟಿಬಯೋಟಿಕ್ ಆಗಿರಬಹುದು. ಲೈಸೆನ್ಸ್ ಇಲ್ಲದೆ ಔಷಧ ದಾಸ್ತಾನು ಮಾಡಿ ಮಾರುವುದಕ್ಕೆ 3ರಿಂದ 5 ವರ್ಷ ಶಿಕ್ಷೆಯಿದೆ. ತೆಲಂಗಾಣದ ಇಲಾಖೆ ಇತ್ತೀಚಿನ ವರ್ಷಗಳಲ್ಲಿ ಇಂಥವರ ಮೇಲೆ ದಾಳಿ ನಡೆಸಿ ಔಷಧ ಜಪ್ತಿ ಮಾಡುತ್ತಿದೆ. ದಾಳಿ ಬೇಕು. ಆದರೆ ಅವರ ಅಂಗಡಿ ಮುಚ್ಚಿಸಿದ ಸಂಜೆಯೇ ಜ್ವರ ಬಂದ ಮಗುವನ್ನು ಎಲ್ಲಿಗೆ ಒಯ್ಯಬೇಕು ಎಂಬುದಕ್ಕೆ ಉತ್ತರವೂ ಬೇಕು. ಅವಿಭಜಿತ ಆಂಧ್ರದಲ್ಲಿ 2008–09ರ ಸುಮಾರಿಗೆ ಇವರಿಗೆ ತರಬೇತಿ ಕೊಡುವ ಯೋಜನೆ ಶುರುವಾಗಿತ್ತು, ಪೂರ್ತಿಯಾಗಲಿಲ್ಲ.

ಆರ್‌ಎಂಪಿ ಚೀಲದಲ್ಲಿ ಯಾವ ಔಷಧ ಇರುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಲಾಭದ ಅಂತರ. ಸರ್ಕಾರದ 2022ರ ಅಗತ್ಯ ಔಷಧಗಳ ಪಟ್ಟಿಯಲ್ಲಿ 384 ಔಷಧಗಳಿವೆ. ಇವುಗಳಿಗೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಗರಿಷ್ಠ ಬೆಲೆ ಕಟ್ಟುತ್ತದೆ: ಮಾರುಕಟ್ಟೆಯಲ್ಲಿ ಶೇ 1 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವ ಬ್ರಾಂಡ್‌ಗಳು ಅಂಗಡಿಗೆ ಕೊಡುವ ದರದ ಸರಾಸರಿ, ಅದರ ಮೇಲೆ ಶೇ 16 ಅಂಗಡಿಯ ಲಾಭ. ಉಳಿದ ಔಷಧಗಳಿಗೆ ಕಂಪನಿ ತನಗೆ ತೋಚಿದ ಬೆಲೆ ಇಡಬಹುದು, ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಅಷ್ಟೆ. ಪ್ರತಿನಿಧಿಗಳಿಲ್ಲದೆ ನೇರ ಸಗಟು ವ್ಯಾಪಾರಿಗೆ ಹೋಗುವ ಅಗ್ಗದ ಜನರಿಕ್‌ಗಳಲ್ಲಿ ಮುದ್ರಿಸಿದ ಎಂಆರ್‌ಪಿಗೂ ಅಂಗಡಿಗೆ ಬಿದ್ದ ದರಕ್ಕೂ ಅಜಗಜಾಂತರ. ಕಡಿಮೆ ಖರ್ಚಿನ ಔಷಧದ ಲಾಭ ರೋಗಿಗೆ ಮುಟ್ಟದೆ ನಡುವೆಯೇ ನಿಲ್ಲುತ್ತದೆ. ಮುದ್ರಿತ ಬೆಲೆಯನ್ನು ಕೇಂದ್ರದ ‘ಫಾರ್ಮಾ ಸಹಿ ದಾಮ್’ ಆ್ಯಪ್‌ನಲ್ಲಿ ಹೋಲಿಸಿ ನೋಡಬಹುದು. 2008ರಲ್ಲಿ ಶುರುವಾದ ಜನೌಷಧಿ ಕೇಂದ್ರಗಳು ಈ ಅಂತರವನ್ನು ನೇರವಾಗಿ ಕಡಿಮೆ ಮಾಡುತ್ತವೆ. ಅಂಥದೊಂದು ಪ್ರತಿ ಮಂಡಲ ಕೇಂದ್ರದಲ್ಲೂ ಇರಬೇಕು.

ಮಾಡಲು ಸಾಧ್ಯವಿರುವುದು

ಕಾರ್ಖಾನೆಗಳ ಮಟ್ಟದಲ್ಲಿ ತಕ್ಕಮಟ್ಟಿಗೆ ಬಿಗಿ ಬಂದಿದೆ. ಉತ್ತಮ ತಯಾರಿಕಾ ಕ್ರಮಗಳನ್ನು ಹೇಳುವ ‘ಎಂ’ ಅನುಸೂಚಿಯನ್ನು ಪರಿಷ್ಕರಿಸಿ ದೊಡ್ಡ ಕಂಪನಿಗಳಿಗೆ 2024ರಲ್ಲಿ ಜಾರಿ ಮಾಡಿದರು, ಸಣ್ಣವಕ್ಕೆ 2025ರ ಡಿಸೆಂಬರ್ ಕೊನೆಯವರೆಗೆ ಗಡುವು ಕೊಟ್ಟರು. ಈ ಬಿಗಿಯನ್ನು ಇನ್ನು ಸಡಿಲಿಸಬಾರದು. ಕೇರಳ 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ ನಿಗಾ ಇಟ್ಟಿತು, ಮುಂದೆ ಆ್ಯಂಟಿಬಯೋಟಿಕ್‌ಗಳನ್ನು ನೀಲಿ ಲಕೋಟೆಯಲ್ಲೇ ಕೊಡಬೇಕೆಂದಿತು. ಓದಲು ಬಾರದವರಿಗೂ ಆ ಬಣ್ಣ ಎಚ್ಚರಿಕೆ ಮುಟ್ಟಿಸುತ್ತದೆ.

ನಮ್ಮ ಗಡಿಗೆ ಬೇಕಾದ್ದು ಅಷ್ಟೇ ಸರಳ. ರಾಯಚೂರು, ಯಾದಗಿರಿ, ನಾರಾಯಣಪೇಟೆ, ಗದ್ವಾಲ ಜಿಲ್ಲೆಗಳ ಔಷಧ ಅಧಿಕಾರಿಗಳ ನಡುವೆ ಒಂದು ಒಪ್ಪಂದವಾಗಲಿ. ಒಂದು ಕಡೆ ತಡೆದ ಬ್ಯಾಚ್ ಇನ್ನೊಂದು ಕಡೆ ಅದೇ ದಿನ ತಡೆಯಲ್ಪಡಲಿ. ಆ ಪಟ್ಟಿ ತೆಲುಗು, ಕನ್ನಡ, ಉರ್ದು ಮೂರರಲ್ಲೂ ಅಂಗಡಿಯ ಬಾಗಿಲಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ, ಆಶಾ ಕಾರ್ಯಕರ್ತೆಯರ ಮೊಬೈಲಿಗೆ ಬರಲಿ. ಕತ್ತರಿಸಿ ಕೊಡುವ ಮಾತ್ರೆಗೆ ಬ್ಯಾಚ್ ಬರೆದ ಚೀಟಿ ಕಡ್ಡಾಯವಾಗಲಿ. ನಾರಾಯಣಪೇಟೆ ಮತ್ತು ಗದ್ವಾಲದಲ್ಲಿ 2024ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಔಷಧದ ಅಡ್ಡಪರಿಣಾಮಗಳನ್ನು ದಾಖಲಿಸುವ ಕೆಲಸವನ್ನು ಮೊದಲ ದಿನದ ಪಾಠವಾಗಿ ಹಚ್ಚಿಕೊಳ್ಳಲಿ. ಬಳ್ಳಾರಿಯಲ್ಲಿ ಮೊದಲ ತಾಯಿ ಅಸ್ವಸ್ಥರಾದಾಗಲೇ ಬಾಟಲಿಯ ಬ್ಯಾಚ್ ಬರೆದು ಎಚ್ಚರಿಕೆ ಕೊಡುವ ಅಭ್ಯಾಸ ಇದ್ದಿದ್ದರೆ ಕೊನೆಯ ತಾಯಿ ಉಳಿಯುತ್ತಿದ್ದರೇನೋ.

ಮನೆಯಲ್ಲಿ ನಾವು ಮಾಡಬೇಕಾದ್ದೂ ಇದೆ. ಬಣ್ಣ ಹೇಳಿ ಗುಳಿಗೆ ಕೇಳುವುದನ್ನು ಬಿಟ್ಟು ಚೀಟಿ ತೋರಿಸಿ ಕೇಳೋಣ. ಬಿಲ್ ಬೇಕು ಎನ್ನೋಣ. ಕತ್ತರಿಸಿ ಕೊಟ್ಟರೆ ತುದಿಯ ಫೋಟೊ ತೆಗೆದುಕೊಳ್ಳೋಣ. ಔಷಧ ತೆಗೆದುಕೊಂಡ ಮೇಲೆ ತೊಂದರೆಯಾದರೆ ಬಾಟಲಿ ಎಸೆಯದೆ ಎತ್ತಿಡೋಣ. ಅನುಮಾನ ಬಂದರೆ ತೆಲಂಗಾಣದ ಔಷಧ ನಿಯಂತ್ರಣ ಇಲಾಖೆಯ ಉಚಿತ ಸಂಖ್ಯೆ 1800-599-6969. ಅಡ್ಡಪರಿಣಾಮ ತಿಳಿಸಲು ರಾಷ್ಟ್ರೀಯ ಸಂಖ್ಯೆ 1800-180-3024.

ಜಡ್ಚರ್ಲದಲ್ಲೋ ರಾಯಚೂರಿನಲ್ಲೋ ತಯಾರಾಗಿ ಅಮೆರಿಕಕ್ಕೆ ಹೋಗುವ ಔಷಧಕ್ಕೆ ಅಲ್ಲಿನ ಅಧಿಕಾರಿಗಳು ಇಲ್ಲಿಗೇ ಬಂದು ತಪಾಸಣೆ ಮಾಡಿ ಲೆಕ್ಕ ಕೇಳುತ್ತಾರೆ, ನಮ್ಮ ಕಂಪನಿಗಳು ಲೆಕ್ಕ ಕೊಡುತ್ತವೆ. ಅಂದಮೇಲೆ ಲೆಕ್ಕ ಇಡುವ ಶಕ್ತಿ ನಮ್ಮಲ್ಲಿ ಇದ್ದೇ ಇದೆ. ಅದೇ ಲೆಕ್ಕವನ್ನು ಉಟ್ಕೂರಿನ ರೋಗಿಗೂ ಕೊಡಬೇಕು ಎಂದು ಎರಡೂ ರಾಜ್ಯಗಳು ಒಟ್ಟಾಗಿ ಕೇಳಬೇಕು.